ಕೆರೆ ಸೇರಿದ ಔಷಧಿಗೆ ಬಿಸಿಲೇನು ಮಾಡುತ್ತದೆ?

ಔಷಧಿ ಡಬ್ಬಿಯ ಮೇಲೆ, ಬೆಳಕು ತಾಗದ ಜಾಗದಲ್ಲಿ ಇಡಿ ಎಂದು ಸಣ್ಣಕ್ಷರದಲ್ಲಿ ಬರೆದಿರುವುದನ್ನು ನೋಡಿರಬಹುದು. ರಕ್ತದೊತ್ತಡಕ್ಕೆ ಕೊಡುವ ನಿಫೆಡಿಪಿನ್‌ನಂಥ ಔಷಧಿ ಬೆಳಕಿಗೆ ಬೇಗ ಕೆಡುತ್ತದೆ. ರೋಗಿಗೆ ನಷ್ಟವಾದ ಈ ಗುಣವೇ ಹೊಳೆ, ಕೆರೆಗಳಿಗೆ ಒಂದಿಷ್ಟು ಉಪಕಾರ ಮಾಡುತ್ತದೆ.

ನಾವು ಬಳಸುವ ಔಷಧಿಯೆಲ್ಲ ಮೈಗೆ ಹತ್ತುವುದಿಲ್ಲ. ಮಂಡಿನೋವಿಗೆ ಹಚ್ಚುವ ಡೈಕ್ಲೋಫೆನಾಕ್ ಜೆಲ್ಲನ್ನೇ ನೋಡಿ. ಚರ್ಮದೊಳಗೆ ಇಳಿಯುವುದು ಸಣ್ಣ ಪಾಲು. ಮಿಕ್ಕಿದ್ದರಲ್ಲಿ ಬಹಳಷ್ಟು ಕೈ ತೊಳೆದ, ಮೈ ತೊಳೆದ, ಬಟ್ಟೆ ಒಗೆದ ನೀರಿನ ಜತೆ ಚರಂಡಿಗೆ. ಕೊಳಚೆ ನೀರಿನ ಘಟಕದಲ್ಲಿರುವ ಬ್ಯಾಕ್ಟೀರಿಯಾಗಳು ಇದನ್ನು ಪೂರ್ತಿ ಅರಗಿಸಲಾರವು. ಉಳಿದದ್ದು ಹೊಳೆಗೋ ಕೆರೆಗೋ ಸೇರುತ್ತದೆ.

ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಬಳಿ ಗ್ರೈಫನ್‌ಸೀ ಎಂಬ ಸರೋವರವಿದೆ. ಅದಕ್ಕೆ ಹರಿದು ಬಂದ ಡೈಕ್ಲೋಫೆನಾಕ್‌ನಲ್ಲಿ ಶೇ. 90ಕ್ಕೂ ಹೆಚ್ಚು ಪಾಲು ಸರೋವರದಲ್ಲೇ ಇಲ್ಲವಾಗುತ್ತಿದೆ ಎಂದು ಅಲ್ಲಿನ ರಸಾಯನ ವಿಜ್ಞಾನಿಗಳು 1998ರಲ್ಲಿ ವರದಿ ಮಾಡಿದರು. ತಳದ ಕೆಸರಿಗೆ ಅಂಟಿಕೊಂಡಿತೇ? ಇಲ್ಲ. ಸರೋವರದ ನೀರಿಗೆ ಔಷಧಿ ಬೆರೆಸಿ ಕತ್ತಲಲ್ಲಿಟ್ಟರೆ ಅದು ಹಾಗೇ ಇತ್ತು. ಬಿಸಿಲಿಗಿಟ್ಟಾಗ ಒಂದು ಗಂಟೆಯೊಳಗೇ ಅರ್ಧ ಮಾಯ!

ಇಲ್ಲಿ ಕೆಲಸ ಮಾಡುವುದು ಬಿಸಿಲಿನ ಬಿಸಿಯಲ್ಲ, ಅದರಲ್ಲಿರುವ ನೇರಳಾತೀತ ಕಿರಣ. ಸುಮಾರು 290 ನ್ಯಾನೋಮೀಟರಿಗಿಂತ ಕಡಿಮೆ ತರಂಗಾಂತರದ ಕಿರಣಗಳನ್ನು ಓಝೋನ್ ಪದರ ಮೇಲೆಯೇ ತಡೆಯುತ್ತದೆ. ಅದನ್ನು ದಾಟಿ ಬಂದ ಕಿರಣವನ್ನು ಹೀರಬಲ್ಲ ಅಣು ಮಾತ್ರ ನೇರವಾಗಿ ಒಡೆಯುತ್ತದೆ. ಡೈಕ್ಲೋಫೆನಾಕ್ ಅಣುವಿನಲ್ಲಿ ಎರಡು ಕ್ಲೋರಿನ್ ಪರಮಾಣುಗಳಿವೆ. ಬೆಳಕು ಬಿದ್ದಾಗ ಒಂದು ಕಳಚುತ್ತದೆ, ಅದು ಬಿಟ್ಟುಹೋದ ಕಡೆ ಅಣುವಿನ ಎರಡು ಉಂಗುರಗಳು ಬೆಸೆದುಕೊಳ್ಳುತ್ತವೆ, ಆಮೇಲೆ ಇನ್ನೊಂದು ಕ್ಲೋರಿನ್ನೂ ಹೋಗುತ್ತದೆ. ನೋವು ತಗ್ಗಿಸುವ ಔಷಧಿ ಹೀಗೆ ಬೇರೆಯದೇ ವಸ್ತುವಾಗುತ್ತದೆ.

ತಾನಾಗಿ ಬೆಳಕು ಹೀರಲಾಗದ ಔಷಧಿಗೆ ಸುತ್ತುಬಳಸಿನ ದಾರಿಯೂ ಉಂಟು. ಎಲೆ, ಹುಲ್ಲು ಕೊಳೆತಾಗ ನೀರಿಗೆ ಕಂದು ಬಣ್ಣ ಕೊಡುವ ಹ್ಯೂಮಿಕ್ ಪದಾರ್ಥಗಳು ಬೆಳಕನ್ನು ಹೀರಿ, ಆ ಶಕ್ತಿಯನ್ನು ನೀರಿನಲ್ಲಿ ಕರಗಿರುವ ಆಮ್ಲಜನಕಕ್ಕೆ ದಾಟಿಸುತ್ತವೆ; ಹಾಗೆ ಕೆರಳಿದ ಆಮ್ಲಜನಕ ಔಷಧಿಯ ಮೇಲೆ ಬೀಳುತ್ತದೆ. ಹೊಲದ ಗೊಬ್ಬರದಿಂದ ಬಂದ ನೈಟ್ರೇಟ್ ಬಿಸಿಲಿಗೆ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟಿಸುತ್ತದೆ. ಇದು ಕೈಗೆ ಸಿಕ್ಕ ಅಣುವನ್ನೆಲ್ಲ ಕಡಿಯುವಷ್ಟು ಉಗ್ರ. ಆದರೆ ಹ್ಯೂಮಿಕ್ ಹೆಚ್ಚಾದರೆ ಅದೇ ನೀರಿಗೆ ಕೊಡೆ ಹಿಡಿದು ಬೆಳಕನ್ನು ಕೆಳಗಿಳಿಯಗೊಡದು. ಕಂದು ನೀರಿನಲ್ಲಿ ನೇರಳಾತೀತ ಕಿರಣ ಮೇಲ್ಪದರದಲ್ಲೇ ಮುಗಿದುಹೋಗುತ್ತದೆ. ರಾತ್ರಿಯಂತೂ ಕೆಲಸವೇ ಬಂದ್.

ಎಲ್ಲ ಔಷಧಿಯೂ ಬಿಸಿಲಿಗೆ ಬಗ್ಗುವುದಿಲ್ಲ. ಮೂರ್ಛೆರೋಗಕ್ಕೆ ಕೊಡುವ ಕಾರ್ಬಮಜೆಪಿನ್ ಬಹುಕಾಲ ಉಳಿಯುತ್ತದೆ. ಇನ್ನು ಒಡೆದ ಚೂರುಗಳೆಲ್ಲ ಸಾಧು ಎಂದುಕೊಳ್ಳಬೇಡಿ: ಪ್ರಯೋಗಾಲಯದಲ್ಲಿ, ನೋವಿಗೆ ಕೊಡುವ ನ್ಯಾಪ್ರಾಕ್ಸೆನ್‌ನ ಚೂರುಗಳು ಕೆಲವು ಜಲಜೀವಿಗಳಿಗೆ ಮೂಲ ಔಷಧಿಗಿಂತ ಹೆಚ್ಚು ವಿಷವಾಗಿ ಕಂಡಿವೆ.

ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ನಮ್ಮಲ್ಲಿ ಬಿಸಿಲಿಗೇನೂ ಬರವಿಲ್ಲ, ಬಯಲುಸೀಮೆಯ ಕೆರೆಗಳ ಆಳವೂ ಕಡಿಮೆ. ಬೆಳಕಿನ ಕೆಲಸಕ್ಕೆ ಅನುಕೂಲವೇ. ಆದರೆ ಕೆರೆಯ ಮೇಲೆ ಅಂತರಗಂಗೆ ಹಬ್ಬಿದರೆ, ನೊರೆ ಕಟ್ಟಿದರೆ ಬೆಳಕು ಒಳಗೆ ಹೋಗುವುದೆಲ್ಲಿಂದ? ಕಳೆ ತೆಗೆಯುವುದು ಕೆರೆಯ ಅಂದಕ್ಕಷ್ಟೇ ಅಲ್ಲ.

ಹಾಗೆಂದು ಕೊಳೆಯನ್ನೆಲ್ಲ ಸೂರ್ಯನಿಗೆ ಒಪ್ಪಿಸಿ ಕೂರುವಂತಿಲ್ಲ. ಗ್ರೈಫನ್‌ಸೀಯಲ್ಲಿ ಅವನ ಕೆಲಸವನ್ನು ಕಣ್ಣಾರೆ ಕಂಡ ಸ್ವಿಟ್ಜರ್ಲೆಂಡೇ ಅವನನ್ನು ನೆಚ್ಚಿಕೊಳ್ಳಲಿಲ್ಲ. 2016ರಿಂದ ಜಾರಿಯಲ್ಲಿರುವ ಅಲ್ಲಿನ ಕಾನೂನಿನಂತೆ, ಆಯ್ದ ಕೊಳಚೆ ನೀರಿನ ಘಟಕಗಳು ಓಝೋನ್ ಹಾಯಿಸಿಯೋ, ಸಕ್ರಿಯ ಇದ್ದಿಲಿನಲ್ಲಿ ಸೋಸಿಯೋ ಔಷಧಿಯ ಅಂಶವನ್ನು ಹೊಳೆಗೆ ಬಿಡುವ ಮೊದಲೇ ತಗ್ಗಿಸಬೇಕು.