ಮೀಟರ್ ಕಡಿಮೆ, ಕಾಗದ ಇಲ್ಲ: ಶೆಡ್ಡಿನಲ್ಲಿ ನಿಂತ ಗಾಡಿಯನ್ನು ಕೊಳ್ಳುವ ಮುನ್ನ



ಮಾಲಿನ ಐಬನ್ನು ಮುಚ್ಚಿಟ್ಟು ಮಾರುವುದರ ಬಗ್ಗೆ ಜುಮಾ ಖುತ್ಬಾದಲ್ಲಿ ಮಾತಾಡಿದಾಗಲೆಲ್ಲ, ನಮಾಝ್ ಮುಗಿದ ಮೇಲೆ ಬರುವ ಪ್ರಶ್ನೆಗಳಲ್ಲಿ ಅರ್ಧದಷ್ಟು ಗಾಡಿಯದ್ದೇ ಆಗಿರುತ್ತವೆ. "ಹಜರತ್, ರಾಯದುರ್ಗದ ಕಡೆ ಒಂದು ಅಂಬಾಸಿಡರ್ ಇದೆ. ಬರೀ ಹದಿನೆಂಟು ಸಾವಿರ ಕಿಲೋಮೀಟರ್ ಓಡಿದೆಯಂತೆ. ಆರ್‌ಸಿ ಎಲ್ಲೋ ಕಳೆದಿದೆಯಂತೆ. ತಗೊಳ್ಳಬಹುದಾ?" ಎಂದು ಒಬ್ಬರು. "ಶೋರೂಮಿನ ಗಾಡಿ, ಇನ್ನೂ ಸಾವಿರ ಕಿಲೋಮೀಟರ್ ಆಗಿಲ್ಲ, ವಾರಂಟಿ ಇದೆ ಅಂತಾರೆ" ಎಂದು ಇನ್ನೊಬ್ಬರು. ಮಸೀದಿ ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಾ ಕೇಳುವ ಪ್ರಶ್ನೆಗೆ ಎರಡು ಮಾತಿನಲ್ಲಿ ಉತ್ತರ ಹೇಳಲು ಆಗುವುದಿಲ್ಲ. ಆದ್ದರಿಂದ ಈ ತಿಂಗಳು ಇದನ್ನೇ ಬರೆಯುತ್ತಿದ್ದೇನೆ.

ದೇವಸಮುದ್ರ ಆಂಧ್ರದ ಗಡಿಗೆ ಅಂಟಿಕೊಂಡ ಊರು. ನಮ್ಮ ರಸ್ತೆಯಲ್ಲಿ ಚಿತ್ರದುರ್ಗದ ಕೆಎ-16, ಬಳ್ಳಾರಿಯ ಕೆಎ-34, ಅನಂತಪುರದ ಹಳೆಯ ಎಪಿ-02, ಇತ್ತೀಚಿನ ಎಪಿ-39 ಎಲ್ಲ ನಂಬರುಗಳೂ ಓಡಾಡುತ್ತವೆ. ಈಚೆಗೆ ದಿಲ್ಲಿಯ ನಂಬರುಗಳೂ ಸೇರಿಕೊಂಡಿವೆ. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗೆ ನಿರ್ಬಂಧ ಬಂದದ್ದರಿಂದ ದೊಡ್ಡ ದೊಡ್ಡ ಕಾರುಗಳು ಕಡಿಮೆ ಬೆಲೆಗೆ ದಕ್ಷಿಣಕ್ಕೆ ಇಳಿದು ಬರುತ್ತವೆ. ಗಾಡಿ ಗಡಿ ದಾಟುವುದು ಸುಲಭ. ಅದರ ಕಾಗದ ದಾಟುವುದು ಅಷ್ಟು ಸುಲಭವಲ್ಲ.

ಮೊದಲು "ಕಡಿಮೆ ಓಡಿದೆ" ಎಂಬ ಮಾತನ್ನು ನೋಡೋಣ. ಬೆಲೆ ಏರಿಸುವುದಕ್ಕೆ ಇದಕ್ಕಿಂತ ಸುಲಭದ ಮಾತು ದಲ್ಲಾಳಿಗೆ ಇನ್ನೊಂದಿಲ್ಲ. ಹಳೆಯ ಗಾಡಿಗಳ ಮೀಟರನ್ನು ಹಿಂದಕ್ಕೆ ತಿರುಗಿಸುತ್ತಾರೆ, ಹೊಸ ಗಾಡಿಗಳದ್ದನ್ನು ಕಂಪ್ಯೂಟರ್ ಹಚ್ಚಿ ಬದಲಿಸುತ್ತಾರೆ. ಆದ್ದರಿಂದ ಮೀಟರನ್ನು ನೋಡುವ ಮೊದಲು ಬ್ರೇಕ್ ಪೆಡಲಿನ ರಬ್ಬರ್ ನೋಡಿ, ಸ್ಟೇರಿಂಗ್ ನೋಡಿ, ಡ್ರೈವರ್ ಸೀಟಿನ ಅಂಚು ನೋಡಿ. ಹದಿನೆಂಟು ಸಾವಿರ ಕಿಲೋಮೀಟರಿಗೆ ಪೆಡಲಿನ ರಬ್ಬರ್ ನುಣ್ಣಗೆ ಸವೆಯುವುದಿಲ್ಲ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2318 ಎಂದಿದ್ದರೆ 2018ರ 23ನೇ ವಾರ ತಯಾರಾದ ಟೈರು ಎಂದರ್ಥ. 2008ರ ಗಾಡಿ, ಹದಿನೆಂಟು ಸಾವಿರ ಓಡಿದ್ದು, ಆದರೆ ನಾಲ್ಕೂ ಟೈರು 2018ರದ್ದು ಎಂದಾದರೆ, ಮೊದಲಿನ ಟೈರುಗಳು ಏನಾದವು ಎಂದು ಕೇಳಲೇಬೇಕು. ನಿಂತೇ ಕೊಳೆತಿರಬಹುದು, ಓಡಿ ಸವೆದಿರಲೂಬಹುದು.

ನಿಜವಾಗಿ ನಿಂತೇ ಇದ್ದ ಗಾಡಿಯಾದರೂ ಅದು ಹೊಸ ಗಾಡಿಯಲ್ಲ. ರಬ್ಬರ್ ಪೈಪು, ಸೀಲುಗಳು ಒಣಗಿ ಬಿರಿಯುತ್ತವೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಂಡು ಒಳಗಿನಿಂದ ತುಕ್ಕು ಹಿಡಿಸುತ್ತದೆ. ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್ ಅಂಟಾಗಿ ಕಾರ್ಬೊರೇಟರಿನಲ್ಲಿ ಕೂರುತ್ತದೆ. ಬ್ಯಾಟರಿಯಂತೂ ಸತ್ತಿರುತ್ತದೆ. ಚಳ್ಳಕೆರೆ ಮಾರುಕಟ್ಟೆಗೆ ಶೇಂಗಾ ಒಯ್ದವರಿಗೆ ನಾನು ಹೇಳಬೇಕಾಗಿಲ್ಲ, ರಾಶಿಯ ಮೇಲೆ ಒಣ ಕಾಯಿ ಕಂಡರೂ ಖರೀದಿದಾರ ಕೈ ಒಳಗೆ ಹಾಕಿಯೇ ನೋಡುತ್ತಾನೆ. ಪ್ರವಾದಿವರ್ಯರು(ಸ) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಗೆ ಕೈ ಹಾಕಿದಾಗ ಒಳಗೆ ಒದ್ದೆಯಿತ್ತು. ಮಳೆಗೆ ನೆನೆದದ್ದು ಎಂದು ಮಾರುವವನು ಹೇಳಿದಾಗ, ಹಾಗಾದರೆ ಅದನ್ನು ಜನರಿಗೆ ಕಾಣುವಂತೆ ಮೇಲೆಯೇ ಏಕೆ ಇಡಲಿಲ್ಲವೆಂದು ಕೇಳಿದ ಪ್ರಸಂಗ ನಿಮಗೆಲ್ಲ ಗೊತ್ತಿದೆ. ಮೀಟರ್ ತಿರುಗಿಸುವುದು ಒದ್ದೆ ಧಾನ್ಯವನ್ನು ಕೆಳಗೆ ಇಡುವುದೇ.

ಇನ್ನು ವಾರಂಟಿ. ನಮ್ಮ ಜನ ಈ ಒಂದೇ ಪದವನ್ನು ಮೂರು ಬೇರೆ ಬೇರೆ ಸಂಗತಿಗೆ ಬಳಸುತ್ತಾರೆ. ಗಾಡಿ ತಯಾರಿಸಿದ ಕಂಪನಿ ಕೊಡುವ ವಾರಂಟಿ ಒಂದು. ಹಳೆಯ ಗಾಡಿ ಮಾರುವ ದೊಡ್ಡ ಅಂಗಡಿಯವರು, ಮಾರುತಿಯ ಟ್ರೂ ವ್ಯಾಲ್ಯೂ ಅಂಥವರು, ತಾವು ಪರೀಕ್ಷಿಸಿದ ಗಾಡಿಗೆ ಕೊಡುವುದು ಇನ್ನೊಂದು. ಮೂರನೆಯದು ದಲ್ಲಾಳಿಯ ಬಾಯಿಯದ್ದು. "ಏನಾದರೂ ಆದರೆ ನಾನಿದ್ದೇನೆ ಭಾಯಿ" ಎಂಬುದು ಪ್ರೀತಿಯ ಮಾತು, ವಾರಂಟಿಯಲ್ಲ.

ಕಂಪನಿಯ ವಾರಂಟಿ ಹೇಗೆ ಕೆಲಸ ಮಾಡುತ್ತದೆ ಎಂಬುದರಲ್ಲಿಯೇ ಹೆಚ್ಚಿನವರು ಮೋಸ ಹೋಗುತ್ತಾರೆ. ಅದಕ್ಕೆ ಎರಡು ಮಿತಿ ಇರುತ್ತವೆ, ಇಷ್ಟು ವರ್ಷ ಅಥವಾ ಇಷ್ಟು ಕಿಲೋಮೀಟರ್. ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ ವಾರಂಟಿ ಮುಗಿಯಿತು. ಕೆಲವು ಕಂಪನಿಗಳು ಕಿಲೋಮೀಟರಿನ ಮಿತಿಯನ್ನೇ ಇಡುವುದಿಲ್ಲ, ಆದರೆ ವರ್ಷದ ಮಿತಿ ಇಡದ ಕಂಪನಿಯನ್ನು ನಾನು ನೋಡಿಲ್ಲ. ಅಂದರೆ ಗಾಡಿ ಶೆಡ್ಡಿನಲ್ಲಿ ನಿಂತಿದ್ದರೂ ವಾರಂಟಿ ಕರಗುತ್ತಲೇ ಇರುತ್ತದೆ. ಕಡಿಮೆ ಓಡಿದೆ ಎಂಬ ಕಾರಣಕ್ಕೆ ಒಂದು ದಿನವೂ ಹೆಚ್ಚಾಗುವುದಿಲ್ಲ.

ವರ್ಷದ ಎಣಿಕೆ ಶುರುವಾಗುವುದು ನೀವು ಕೊಂಡ ದಿನದಿಂದಲ್ಲ. ಮೊದಲ ಖರೀದಿದಾರನ ಹೆಸರಿಗೆ ಗಾಡಿ ಹೋದ ದಿನದಿಂದ. ಇಲ್ಲಿ ಒಂದು ನಡೆದ ಸಂಗತಿ ಹೇಳಬೇಕು. 2017ರ ಮಾರ್ಚ್ 29ರಂದು ಸುಪ್ರೀಂ ಕೋರ್ಟ್, ಏಪ್ರಿಲ್ 1ರಿಂದ ಬಿಎಸ್-3 ಗಾಡಿಗಳನ್ನು ಮಾರುವಂತಿಲ್ಲ, ನೋಂದಣಿ ಮಾಡುವಂತಿಲ್ಲ ಎಂದಿತು. ಮಿಕ್ಕ ಎರಡು ದಿನ ಬೈಕ್ ಶೋರೂಮುಗಳ ಮುಂದೆ ಜಾತ್ರೆ ಆದದ್ದು ನಿಮಗೆ ನೆನಪಿರಬಹುದು. 2018ರ ಅಕ್ಟೋಬರ್ 24ರ ತೀರ್ಪಿನಲ್ಲಿ ಬಿಎಸ್-4ಕ್ಕೆ 2020ರ ಏಪ್ರಿಲ್ 1ರ ಗಡುವು ಬಂತು. ಆ ಹೊತ್ತಿಗೆ ಲಾಕ್‌ಡೌನ್. ಮಾರಾಟವಾಗದೆ ಉಳಿದ ಗಾಡಿಗಳನ್ನು ಕೆಲವು ಶೋರೂಮಿನವರು ಗಡುವಿಗೆ ಮುಂಚೆ ತಮ್ಮವರ ಹೆಸರಿಗೇ ನೋಂದಣಿ ಮಾಡಿಸಿಟ್ಟು, ಆಮೇಲೆ ಸೆಕೆಂಡ್ ಹ್ಯಾಂಡ್ ಎಂದು ಮಾರಿದರು. ಅದರಲ್ಲಿ ತಪ್ಪಿಲ್ಲ. ಆದರೆ ಲೆಕ್ಕ ನೋಡಿ: 2020ರ ಮಾರ್ಚ್ 30ರಂದು ನೋಂದಣಿಯಾದ ಗಾಡಿ, ಎರಡು ವರ್ಷದ ವಾರಂಟಿ. ನೀವು ಡಿಸೆಂಬರ್ 30ರಂದು ಕೊಂಡಿರಿ, ಮೀಟರಿನಲ್ಲಿ 900 ಕಿಲೋಮೀಟರ್. ನಿಮಗೆ ಸಿಕ್ಕಿದ್ದು ಎರಡು ವರ್ಷವಲ್ಲ, 15 ತಿಂಗಳು. ನೋಂದಣಿಯೇ ಆಗದೆ ಗಡುವು ದಾಟಿದ ಗಾಡಿಯಾಗಿದ್ದರೆ, ಸೊನ್ನೆ ಕಿಲೋಮೀಟರ್ ಓಡಿದ್ದರೂ ರಸ್ತೆಗೆ ಇಳಿಸುವ ಹಕ್ಕಿಲ್ಲ. ಅಂಥದ್ದನ್ನು ಅಗ್ಗಕ್ಕೆ ಕೊಡುತ್ತೇನೆ ಎಂದು ಯಾರಾದರೂ ಈಗಲೂ ಬಂದರೆ ಚಹಾ ಕುಡಿಸಿ ಕಳಿಸಿ.

ವಾರಂಟಿ ಸಾಮಾನ್ಯವಾಗಿ ಗಾಡಿಯ ಚಾಸಿಸ್ ನಂಬರಿನ ಜೊತೆ ಹೋಗುತ್ತದೆ, ಆದ್ದರಿಂದ ಎರಡನೆಯವರ ಕೈಗೂ ಉಳಿದ ಅವಧಿ ಸಿಗುತ್ತದೆ. ಆದರೆ ಷರತ್ತಿನೊಂದಿಗೆ. ಸರ್ವಿಸ್ ಕೂಡ ಕಿಲೋಮೀಟರ್ ಅಥವಾ ತಿಂಗಳಿನ ಲೆಕ್ಕದಲ್ಲಿ ಬರುತ್ತದೆ. "ಓಡಿಯೇ ಇಲ್ಲ, ಯಾಕೆ ಸರ್ವಿಸ್" ಎಂದು ಬಿಟ್ಟ ಗಾಡಿಯ ವಾರಂಟಿಯನ್ನು ಕಂಪನಿ ನಿರಾಕರಿಸಬಹುದು. ಕಡಿಮೆ ಓಡಿದ ಗಾಡಿಗೇ ಈ ಅಪಾಯ ಹೆಚ್ಚು. ಮೀಟರ್ ಮುಟ್ಟಿದ್ದು ಗೊತ್ತಾದರೆ ವಾರಂಟಿ ಹೋಯಿತು. ಹೊರಗೆ ವೈರ್ ಕತ್ತರಿಸಿ ಹಾರ್ನು, ಲೈಟು ಹಾಕಿಸಿದ್ದರೆ ಆ ಭಾಗದ ವಾರಂಟಿ ಹೋಯಿತು. ಸ್ವಂತಕ್ಕೆಂದು ಕೊಂಡ ಗಾಡಿಯನ್ನು ಬಾಡಿಗೆಗೆ ಬಿಟ್ಟಿದ್ದರೂ ತೊಂದರೆಯೇ. ಬ್ಯಾಟರಿ, ಟೈರಿಗೆ ಅವುಗಳನ್ನು ತಯಾರಿಸಿದವರ ವಾರಂಟಿ ಬೇರೆ. ಕ್ಲಚ್, ಬ್ರೇಕ್ ಶೂಗಳಂಥ ಸವೆಯುವ ಭಾಗಗಳಿಗೆ ಬಹುತೇಕ ಇಲ್ಲ. ಹಣ ಕಟ್ಟಿ ಮುಂದುವರಿಸುವ ವಾರಂಟಿಯನ್ನು ಮೊದಲಿನದು ಮುಗಿಯುವ ಮುನ್ನವೇ ಕೊಳ್ಳಬೇಕು. ಆದ್ದರಿಂದ ಮಾರುವವರನ್ನು ಜೊತೆಗೆ ಕರೆದುಕೊಂಡು ಕಂಪನಿಯ ಸರ್ವಿಸ್ ಸೆಂಟರಿಗೆ ಹೋಗಿ, ಗಾಡಿಯ ಪೂರ್ತಿ ದಾಖಲೆ ತೆಗೆಸಿ ನೋಡಿ.

ಹಳೆಯ ಗಾಡಿಯ ಮೇಲೆ ಪ್ರೀತಿ ಇಟ್ಟು ಸಂಗ್ರಹಿಸುವವರ ಕಥೆ ಬೇರೆ. ಅಂಬಾಸಿಡರ್ ತಯಾರಾಗುತ್ತಿದ್ದ ಉತ್ತರಪಾರಾ ಕಾರ್ಖಾನೆ 2014ರ ಮೇ ತಿಂಗಳಲ್ಲಿ ನಿಂತಿತು. ನಮ್ಮ ಮೈಸೂರಿನ ಐಡಿಯಲ್ ಜಾವಾ 1996ರಲ್ಲಿ ಮುಚ್ಚಿತು. ಎಜ್ಡಿ ಬೈಕಿನ ಸದ್ದು ಕೇಳಿದರೆ ಈಗಲೂ ತಿರುಗಿ ನೋಡುವ ಹಿರಿಯರು ನಮ್ಮಲ್ಲಿದ್ದಾರೆ. ಜಾವಾ ಹೆಸರು 2018ರಲ್ಲಿ ಬೇರೆ ಕಂಪನಿಯಿಂದ ಮತ್ತೆ ಬಂದಿದೆ, ಆದರೆ ಅವರ ವಾರಂಟಿ ಅವರ ಹೊಸ ಬೈಕುಗಳಿಗೆ ಮಾತ್ರ. ಹಳೆಯದಕ್ಕೆ ವಾರಂಟಿ ಕೊಡುವವರೇ ಇಲ್ಲ. ಅಲ್ಲಿ ನಿಮಗಿರುವುದು ಮೆಕ್ಯಾನಿಕ್ಕಿನ ಕಣ್ಣು ಮತ್ತು ಮಾರುವವನ ಸತ್ಯ, ಎರಡೇ.

ಅಂಥ ಗಾಡಿಗಳಿಗೆಂದು 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಪ್ರತ್ಯೇಕ ನಿಯಮ ಮಾಡಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡಿರುವ ಗಾಡಿಗೆ 'ವಿಎ' ಅಕ್ಷರಗಳಿರುವ ವಿಂಟೇಜ್ ನಂಬರ್ ಸಿಗುತ್ತದೆ. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ಆಮೇಲೆ ನವೀಕರಣಕ್ಕೆ 5,000. ಪ್ರದರ್ಶನ, ರ‍್ಯಾಲಿಗೆ ಓಡಿಸಬಹುದು, ದಿನನಿತ್ಯದ ಓಡಾಟಕ್ಕೆ ಅಲ್ಲ. ಈಗಾಗಲೇ ನೋಂದಣಿಯಾಗಿದ್ದ ಗಾಡಿಯಾದರೆ ಅರ್ಜಿಯ ಜೊತೆ ಹಳೆಯ ಆರ್‌ಸಿ ಇಡಬೇಕು. "ಕಾಗದ ಇಲ್ಲದಿದ್ದರೂ ವಿಂಟೇಜ್ ಮಾಡಿಸಬಹುದು" ಎಂದು ಹೇಳುವವರ ಮಾತು ನಂಬಬೇಡಿ.

ಈಗ ಕಾಗದದ ಮಾತು, ಇದೇ ಮುಖ್ಯ. ಸಹಿ ಹಾಕಿದ ಖಾಲಿ ಫಾರಂ 29, 30 ಕೈಯಲ್ಲಿಟ್ಟುಕೊಂಡು ನಾಲ್ಕಾರು ಜನರ ಕೈ ದಾಟಿಸುವ ಪದ್ಧತಿ ನಮ್ಮ ಕಡೆ ಬಹಳ ಇದೆ. ಮೋಟಾರು ವಾಹನ ಕಾಯ್ದೆಯ 50ನೇ ಕಲಮಿನ ಪ್ರಕಾರ ಮಾರಿದವನು ರಾಜ್ಯದೊಳಗಾದರೆ 14 ದಿನ, ಹೊರ ರಾಜ್ಯವಾದರೆ 45 ದಿನದೊಳಗೆ ತಿಳಿಸಬೇಕು. ಕೊಂಡವನು 30 ದಿನದೊಳಗೆ ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು. ಆಂಧ್ರದ ಗಾಡಿಯಾದರೆ ಅಲ್ಲಿನ ನೋಂದಣಿ ಕಚೇರಿಯಿಂದ ಫಾರಂ 28ರಲ್ಲಿ ಎನ್‌ಒಸಿ ಬೇಕು, ಇಲ್ಲಿ ಜೀವಾವಧಿ ತೆರಿಗೆ ಕಟ್ಟಬೇಕು. "ಬೇರೆ ರಾಜ್ಯದ ಗಾಡಿಗೆ 12 ತಿಂಗಳು ಅವಕಾಶ ಇದೆಯಲ್ಲ" ಎನ್ನುತ್ತಾರೆ. ಆ ಅವಕಾಶ ತನ್ನದೇ ಗಾಡಿಯನ್ನು ಇಲ್ಲಿಗೆ ತಂದವನಿಗೆ, ಕೊಂಡವನಿಗಲ್ಲ. ಅಂಬಾಸಿಡರಿನ ಬೆಲೆಗೆ ಈ ತೆರಿಗೆಯನ್ನೂ, 15 ವರ್ಷ ದಾಟಿದ ಗಾಡಿಯ ಮರುನೋಂದಣಿಯನ್ನೂ ಸೇರಿಸಿ ನೋಡಿ. 2022ರ ಏಪ್ರಿಲ್‌ನಲ್ಲಿ ಕಾರಿನ ಮರುನೋಂದಣಿ ಶುಲ್ಕ 600ರಿಂದ 5,000ಕ್ಕೆ ಏರಿತು, 20 ವರ್ಷ ದಾಟಿದವಕ್ಕೆ 2025ರಲ್ಲಿ ಇನ್ನೂ ಹೆಚ್ಚಾಯಿತು. ಅಗ್ಗದ ಗಾಡಿ ಅಗ್ಗವಾಗಿ ಉಳಿಯುವುದಿಲ್ಲ.

ಹೆಸರು ಬದಲಿಸದಿದ್ದರೆ ಏನಾಗುತ್ತದೆ? 2018ರ ಫೆಬ್ರವರಿ 6ರಂದು ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಪ್ರಕರಣವೊಂದರಲ್ಲಿ ಕಾರು ಹಲವರ ಕೈ ದಾಟಿತ್ತು, ಆರ್‌ಸಿ ಮಾತ್ರ ಮೊದಲಿನವನ ಹೆಸರಿನಲ್ಲೇ ಇತ್ತು. ಅಪಘಾತವಾಗಿ ಜೀವ ಹೋಯಿತು. ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿರುವ ಮಾಲೀಕನದ್ದೇ ಎಂದು ಕೋರ್ಟ್ ಹೇಳಿತು. ಆದ್ದರಿಂದ ಇದು ಕೊಳ್ಳುವವರಿಗೆ ಮಾತ್ರವಲ್ಲ, ಗಾಡಿ ಮಾರಿ ಹಣ ಎಣಿಸಿಕೊಂಡು ಮರೆತವರಿಗೂ ಸಂಬಂಧಿಸಿದ್ದು. ವಿಮೆಯನ್ನೂ 14 ದಿನದೊಳಗೆ ನಿಮ್ಮ ಹೆಸರಿಗೆ ಬದಲಿಸಿಕೊಳ್ಳಿ, ಇಲ್ಲವಾದರೆ ನಿಮ್ಮ ಗಾಡಿಯ ಹಾನಿಗೆ ಹಣ ಕೇಳಲು ಹಕ್ಕಿರುವುದಿಲ್ಲ.

ಆರ್‌ಸಿ ನಿಜವಾಗಿಯೂ ಕಳೆದಿದ್ದರೆ ದಾರಿ ಇದೆ. ಆರ್‌ಸಿಯಲ್ಲಿ ಹೆಸರಿರುವ ಮಾಲೀಕನೇ ಪೊಲೀಸರಿಗೆ ದೂರು ಕೊಟ್ಟು ಫಾರಂ 26ರಲ್ಲಿ ನಕಲು ಪಡೆಯಬೇಕು. ಅವನು ಅದಕ್ಕೆ ಸಿದ್ಧನಿಲ್ಲ ಎಂದರೆ, ಕಳೆದುಹೋದದ್ದು ಆರ್‌ಸಿಯೋ ಗಾಡಿಯೋ ಎಂದು ಅನುಮಾನಿಸಬೇಕಾಗುತ್ತದೆ. ಎಂ-ಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿ ನೋಂದಣಿ, ವಿಮೆ, ಸಾಲದ ವಿವರ ನೋಡಿ. ಕಳವಿನ ಗಾಡಿಯೇ ಎಂದು ನೋಡಲು ಕೇಂದ್ರದ ವಾಹನ್ ಸಮನ್ವಯ್ ಇದೆ. ಚಾಸಿಸ್ ನಂಬರನ್ನು ಗಾಡಿಯ ಮೈಮೇಲೆಯೇ ಓದಿ ತಾಳೆ ನೋಡಿ. ಫೈನಾನ್ಸ್ ಸಾಲ ತೀರಿದ್ದರೂ ಫಾರಂ 35 ಕೊಟ್ಟು ಆರ್‌ಸಿಯಿಂದ ಅದನ್ನು ತೆಗೆಸಿರಬೇಕು. ಪೊಲೀಸ್ ಹರಾಜಿನಲ್ಲಿ ಕೊಂಡದ್ದಾದರೆ ಫಾರಂ 32. ಗುಜರಿ ಎಂದು ಹರಾಜಾದದ್ದು ಗುಜರಿಯೇ, ಅದಕ್ಕೆ ಬೇರೆ ಗಾಡಿಯ ನಂಬರ್ ಹಚ್ಚುವುದು ಅಪರಾಧ.

ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತ ಗಾಡಿಗಳಲ್ಲಿ ಬಹಳಷ್ಟು ತೀರಿಕೊಂಡವರದ್ದು. ಇದನ್ನು ವಿಶೇಷವಾಗಿ ಗಮನಿಸಿ. ಅಬ್ಬಾ ತೀರಿಕೊಂಡ ಮೇಲೆ ಅವರ ಅಂಬಾಸಿಡರ್ ದೊಡ್ಡ ಮಗನದ್ದಾಗುವುದಿಲ್ಲ. ಅದರಲ್ಲಿ ಅಮ್ಮಿಗೆ ಎಂಟನೇ ಒಂದು ಪಾಲಿದೆ, ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೂ ಪಾಲಿದೆ. ಅವರನ್ನು ಕೇಳದೆ ಒಬ್ಬ ಮಗ ಮಾರಿದರೆ, ಅವರ ಪಾಲಿನ ಮಟ್ಟಿಗೆ ಅವರು ಒಪ್ಪುವ ತನಕ ಆ ಮಾರಾಟ ಪೂರ್ಣವಾಗುವುದಿಲ್ಲ. ಸರ್ಕಾರದ ನಿಯಮವೂ ವಾರಸುದಾರರೇ ಮೂರು ತಿಂಗಳೊಳಗೆ ಫಾರಂ 31ರಲ್ಲಿ ಹೆಸರು ಬದಲಿಸಿಕೊಳ್ಳಬೇಕು ಎನ್ನುತ್ತದೆ. ತೀರಿಕೊಂಡವರ ಸಹಿ ಇರುವ ಹಳೆಯ ಖಾಲಿ ಫಾರಂ ಹಿಡಿದು ಕಚೇರಿಗೆ ಹೋಗುವುದು ಸುಳ್ಳು ದಾಖಲೆ. ಕೊಳ್ಳುವವರು ಆ ಮನೆಗೆ ಒಮ್ಮೆ ಹೋಗಿ, ಅಮ್ಮಿಯನ್ನು, ಅಕ್ಕತಂಗಿಯರನ್ನು ಕೇಳಿ.

ಫಿಕ್ಹ್ ಪ್ರಶ್ನೆಯೂ ಒಂದಿದೆ. ಕೊಂಡ ಮೇಲೆ, ಮೊದಲೇ ಇದ್ದ ಐಬು ಕಂಡುಬಂದರೆ ಹಿಂತಿರುಗಿಸುವ ಹಕ್ಕು ಖರೀದಿದಾರನಿಗಿದೆ. "ಇದ್ದ ಸ್ಥಿತಿಯಲ್ಲಿ ಕೊಡುತ್ತಿದ್ದೇನೆ, ಯಾವ ಐಬಿಗೂ ನಾನು ಹೊಣೆಯಲ್ಲ" ಎಂದು ಮೊದಲೇ ಷರತ್ತು ಹಾಕಿದರೆ ಹನಫಿಗಳಲ್ಲಿ ಆ ಮಾರಾಟ ಸರಿಯೇ. ಆದರೆ ಗೊತ್ತಿದ್ದ ಐಬನ್ನು ಆ ಷರತ್ತಿನ ಹಿಂದೆ ಅಡಗಿಸಿದರೆ ಗುನಾಹ್ ಹಾಗೆಯೇ ಉಳಿಯುತ್ತದೆ. ಅಂಗಡಿಯವರಿಂದ ಕೊಂಡು ಮೋಸ ಹೋದವರು ಎರಡು ವರ್ಷದೊಳಗೆ ಚಿತ್ರದುರ್ಗದ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಪರಿಚಯದವರಿಂದ ಮನೆಯಲ್ಲೇ ಕೊಂಡದ್ದಕ್ಕೆ ಆ ಬಾಗಿಲು ಸಾಮಾನ್ಯವಾಗಿ ತೆರೆಯುವುದಿಲ್ಲ, ಸಿವಿಲ್ ಕೋರ್ಟಿಗೆ ಹೋಗಬೇಕು. ಹಾಗಾಗಿ ಮೀಟರಿನ ಅಂಕಿ, ಚಾಸಿಸ್ ನಂಬರ್, ಹೇಳಿದ ಐಬುಗಳು, ಉಳಿದ ಹಣ ಯಾವ ದಿನ, ಎಲ್ಲವನ್ನೂ ಬರೆದು ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ. ಪೂರ್ತಿ ಹಣವನ್ನು ಆರ್‌ಸಿ ನಿಮ್ಮ ಹೆಸರಿಗೆ ಬಂದ ದಿನ ಕೊಡಿ, ಅದಕ್ಕೆ ಮೊದಲು ಅಡ್ವಾನ್ಸ್ ಮಾತ್ರ.