ಅಮೃತ ಮಹಲ್ ದನಗಳ ವಂಶಮೂಲ

ಕಡೂರು, ತರೀಕೆರೆ, ಅಜ್ಜಂಪುರಗಳ ನಡುವೆ ಪ್ರಯಾಣ ಮಾಡುವವರು ಬಯಲಿನಲ್ಲಿ ಬೂದುಬಣ್ಣದ ದನಗಳ ಹಿಂಡನ್ನು ಕಂಡಿರಬಹುದು. ಹಿಂದಕ್ಕೆ ಬಾಗಿ ಮೇಲೇರಿದ ಚೂಪಾದ ಕೊಂಬು, ನೀಳವಾದ ಮುಖ, ಬಿಗಿಯಾದ ಮೈಕಟ್ಟು. ಇವೇ ಅಮೃತ ಮಹಲ್ ದನಗಳು. ಇವು ಅನಾದಿಯಿಂದ ಬೆರಕೆಯಿಲ್ಲದೆ ಇಳಿದುಬಂದ ಶುದ್ಧಕುಲವೆಂಬ ನಂಬಿಕೆಯುಂಟು. ನಾವು ಅದನ್ನು ಕೊಂಚ ಪರೀಕ್ಷಿಸೋಣ.

ಡುಬ್ಬವುಳ್ಳ ನಮ್ಮ ದನಗಳ ಕಾಡುಪೂರ್ವಜರೂ ಯೂರೋಪಿನ ದನಗಳ ಪೂರ್ವಜರೂ ಮನುಷ್ಯನ ಕೈಗೆ ಸಿಕ್ಕುವುದಕ್ಕೆ ಬಹು ಮುಂಚೆಯೇ ಅಗಲಿದ್ದುವು. ನಮ್ಮವು ಸುಮಾರು 8,000 ವರ್ಷಗಳ ಹಿಂದೆ ಸಿಂಧೂ ಪ್ರಾಂತದಲ್ಲಿ ಪಳಗಿದುವೆಂಬುದು ವಿದ್ವಾಂಸರ ಮತ. ತಾಯಿಯಿಂದ ಮಾತ್ರ ಇಳಿಯುವ ಡಿಎನ್‌ಎಯನ್ನು ಪರೀಕ್ಷಿಸಿದರೆ, ಭಾರತದ ದನಗಳಲ್ಲಿ ಎರಡು ಮುಖ್ಯ ಮಾತೃವಂಶಗಳು ತೋರುತ್ತವೆ. ಬೆರಕೆಯೆಂಬುದು ಅಷ್ಟು ಹಳೆಯದು.

ಇನ್ನು ನಮ್ಮ ನಾಡಿನ ಕಥೆ. ಚಿಕ್ಕದೇವರಾಜ ಒಡೆಯರು ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ 'ಬೆಣ್ಣೆ ಚಾವಡಿ'ಯನ್ನು ಏರ್ಪಡಿಸಿದರು; ಅದಕ್ಕೆ ಅಮೃತ ಮಹಲ್ ಎಂಬ ಹೆಸರನ್ನಿತ್ತವನು ಟಿಪ್ಪೂಸುಲ್ತಾನ. ಈ ಹಿಂಡಿನಲ್ಲಿ ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗವೆಂಬ ಮೂರು ಬಗೆಗಳು ಕೂಡಿದುವು. ಕಡೆಯ ಎರಡು ಪಾಳೆಯಪಟ್ಟುಗಳ ಹೆಸರುಗಳೆಂಬುದನ್ನು ಗಮನಿಸಬೇಕು: ರಾಜ್ಯ ಬೆಳೆದ ಹಾಗೆ ಹಿಂಡೂ ಬೆರೆಯಿತು. ಜಪಾನೀಯರ ವಿಷಯದಲ್ಲಿಯೂ ಹೀಗೆಯೇ. ಹಳೆಯ ಎಲುಬುಗಳ ಡಿಎನ್‌ಎಯನ್ನಾಧರಿಸಿದ 2021ರ ಸಂಶೋಧನೆಯೊಂದು, ಜೋಮೋನ್ ಬೇಟೆಗಾರರು, ಬತ್ತ ಬೆಳೆದ ಯಾಯೋಯಿ ಕಾಲದವರು, ಕೋಫುನ್ ಕಾಲದ ವಲಸೆಗಾರರು ಎಂಬ ಮೂರು ಧಾರೆಗಳನ್ನು ಅವರಲ್ಲಿ ಗುರುತಿಸಿತು. (ಮನುಷ್ಯರನ್ನು ದನಗಳೊಡನೆ ತೂಗುವುದು ನಮ್ಮ ಉದ್ದೇಶವಲ್ಲ, ಮಾತು ವಂಶದ ಲೆಕ್ಕದ್ದು.)

ಹಾಗಾದರೆ ತಳಿಯನ್ನು ತಳಿಯಾಗಿ ಮಾಡಿದುದೇನು? ದುಡಿಮೆ. ಫಿರಂಗಿಯನ್ನೆಳೆದು ಸೈನ್ಯದೊಡನೆ ಓಡಬಲ್ಲ ಎತ್ತುಗಳೇ ಬೇಕಾಗಿದ್ದುವು. ತಳಿಯನ್ನು ಆರಿಸುವಾಗ ಹಾಲಿಗೆ ಅಷ್ಟು ಪ್ರಾಮುಖ್ಯವಿರಲಿಲ್ಲ. ಬೇಸಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಎಂದು ಕಾವಲುಗಳನ್ನು ಬದಲಿಸುತ್ತ, ಹಸುಗಳು ಅರೆಗಾಡಿನ ಬಾಳನ್ನು ಬಾಳಿದುವು. ಬರವನ್ನು ತಾಳದವು ಅಳಿದುವು. ತಾಳಿದವುಗಳ ಸಂತತಿ ಉಳಿಯಿತು. ಇಂಥ ಹಿಂಡನ್ನು 1860ರಲ್ಲಿ ಮಿತವ್ಯಯದ ಹೆಸರಿನಲ್ಲಿ ಮಾರಿಬಿಟ್ಟರು! 1866ರಲ್ಲಿ ಮತ್ತೆ ಕೂಡಿಸಬೇಕಾಯಿತು. 1882ರಲ್ಲಿ ಅದು ಮೈಸೂರು ಸರ್ಕಾರದ ವಶಕ್ಕೆ ಬಂದಿತು.

ಈಗ ಫಿರಂಗಿಗೆ ಎತ್ತು ಬೇಡ, ನೇಗಿಲಿಗೂ ಟ್ರ್ಯಾಕ್ಟರು ಬಂದಿದೆ. ಹಾಲು ಸ್ವಲ್ಪವೇ ಆದುದರಿಂದ ರೈತನು ಸೀಮೆಹಸುವಿನ ಮಿಶ್ರತಳಿಯನ್ನು ಕಟ್ಟುತ್ತಾನೆ. ಅವನನ್ನು ದೂರುವ ಹಾಗಿಲ್ಲ. ಕಾವಲುಗಳೂ ಬಹುವಾಗಿ ಕುಗ್ಗಿವೆ. ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಸಂರಕ್ಷಿತ ಪ್ರದೇಶವನ್ನಾಗಿ ಮಾಡಿದುದು ಮುಖ್ಯವಾಗಿ ಕೃಷ್ಣಮೃಗಗಳ ಸಲುವಾಗಿ. ಅಜ್ಜಂಪುರದ ತಳಿಸಂವರ್ಧನ ಕೇಂದ್ರದಲ್ಲಿ ಹಿಂಡು ಉಳಿದಿದೆ. ಆದರೆ ಯಾವ ಹಿಂಡೇ ಆಗಲಿ, ಚಿಕ್ಕದಾದಷ್ಟೂ ಹತ್ತಿರದ ರಕ್ತಸಂಬಂಧಿಗಳೇ ಕೂಡಿ, ಅಡಗಿದ್ದ ದೋಷಗಳು ಕರುಗಳಲ್ಲಿ ತಲೆಯೆತ್ತುತ್ತವೆ. ಒಂದು ಕಡೆಯ ಹೋರಿಯನ್ನು ಇನ್ನೊಂದು ಕಡೆಗೆ ಬದಲಿಸುವುದು ಇದಕ್ಕೆ ಉಪಾಯ. ಅದಕ್ಕೆ ಹಿಂಡುಗಳು ಹಲವಿರಬೇಕು, ಅವು ಮೇಯಲು ಕಾವಲುಗಳೂ ಇರಬೇಕು.