ಬಳ್ಳಾರಿ ಸೀಮೆ ದೇಶಕ್ಕೆ ಕೊಟ್ಟ ಮಾದರಿ

ದೇಶದ ಮಾನಸಿಕ ಆರೋಗ್ಯ ಸೇವೆಗೆ ದಾರಿ ತೋರಿಸಿದ್ದು ನಮ್ಮ ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಯ ಸೀಮೆ ಅಂತ ಗೊತ್ತಾ?

1985. ಈ ಊರುಗಳೆಲ್ಲ ಆಗ ಒಂದೇ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನ ತಜ್ಞರ ಮುಂದೆ ಒಂದು ಪ್ರಶ್ನೆ ಇತ್ತು: ಮನಸ್ಸಿನ ಕಾಯಿಲೆಗೆ ಹಳ್ಳಿಯ ಕುಟುಂಬ ಬೆಂಗಳೂರಿಗೇ ಹೋಗಬೇಕಾ? ಊರ ಹತ್ತಿರವೇ ಚಿಕಿತ್ಸೆ ಸಿಗಬಾರದಾ?

ಉತ್ತರ ಹುಡುಕಿದ್ದು ಜನರ ನಡುವೆಯೇ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ಕಾರ್ಯಕರ್ತರು ರೋಗಿಗಳನ್ನು ಗುರುತಿಸಿದರು, ವೈದ್ಯರು ಅಲ್ಲೇ ಔಷಧ ಕೊಟ್ಟರು. ಮೂರ್ಛೆ ರೋಗಕ್ಕೂ ಊರಲ್ಲೇ ಚಿಕಿತ್ಸೆ ಸಿಕ್ಕಿತು.

ಇದೇ 'ಬಳ್ಳಾರಿ ಮಾದರಿ'. 1996ರಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ತಳಪಾಯ.

ಮುಂದೆ ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ 'ಯುವ ಸ್ಪಂದನ' ಕಾರ್ಯಕ್ರಮ ತಂದವು. ಓದು, ಕೆಲಸ, ಮನೆಯ ಸಂಬಂಧಗಳ ಒತ್ತಡದಲ್ಲಿರುವ ಯುವಜನರ ಮಾತು ಕೇಳಲು ತರಬೇತಿ ಪಡೆದ ಯುವಜನರೇ ನಿಂತರು.

ನಿಮ್ಮ ಮನೆಯಲ್ಲೂ ಮಗ ಮಂಕಾಗಿದ್ದಾನಾ? ಮಗಳು ಊಟ, ನಿದ್ದೆ ಬಿಟ್ಟಿದ್ದಾಳಾ? ಗದರಬೇಡಿ, ಪಕ್ಕದಲ್ಲಿ ಕೂತು ಕೇಳಿ. ಸಹಾಯ ಬೇಕಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಕರೆ ಮಾಡಿ: 14416. ಕರೆ ಉಚಿತ, ಹಗಲು ರಾತ್ರಿ ಯಾವಾಗಲಾದರೂ ಕನ್ನಡದಲ್ಲೇ ಮಾತಾಡಬಹುದು. ನಂಬರ್ ಈಗಲೇ ಸೇವ್ ಮಾಡಿಕೊಳ್ಳಿ, ಮನೆಯವರಿಗೂ ಕಳಿಸಿ.